ಸಣ್ಣ ಉಪಗ್ರಹಕ್ಕೆ ಪ್ಲಾಸ್ಮಾ ಎಂಜಿನ್: ಮೈಸೂರಿನ ನಮ್ಮ ಶೆಡ್ಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಶೆಡ್ಡು. ಒಳಗೆ ಎರಡು ಲೇತ್, ಒಂದು ಕುಲುಮೆ, ಆಳೆತ್ತರದ ಒಂದು ಸ್ಟೀಲ್ ಟ್ಯಾಂಕು, ಏಳು ಜನ. ಸಣ್ಣ ಉಪಗ್ರಹಗಳಿಗೆ ಪ್ಲಾಸ್ಮಾ ಎಂಜಿನ್ ಮಾಡುವ ಕೆಲಸ. ಕಾಲೇಜು ಹುಡುಗರು, ಅವರ ಅಪ್ಪ ಅಮ್ಮಂದಿರು, ಬ್ಯಾಂಕಿನವರು, ಪಕ್ಕದ ಶೆಡ್ಡಿನ ಪ್ಲಾಸ್ಟಿಕ್ ಮೋಲ್ಡಿಂಗ್ ಮಾಲೀಕರು, ಎಲ್ಲರೂ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳುತ್ತಾರೆ. ಪ್ರತಿ ಸಲ ಟೀ ಆರುವ ತನಕ ವಿವರಿಸುವ ಬದಲು ಒಮ್ಮೆ ಬರೆದಿಡೋಣ ಅನ್ನಿಸಿತು.

ಇಲ್ಲಿಂದ ರಾಕೆಟ್ ಹಾರಿಸುತ್ತೀರಾ?

ಇಲ್ಲ. ನಮ್ಮ ಎಂಜಿನ್ ನೆಲದ ಮೇಲೆ ತನ್ನನ್ನು ತಾನೇ ಎತ್ತಿಕೊಳ್ಳಲಾರದು. ಗಾಳಿ ಇರುವ ಕಡೆ ಅದು ಹೊತ್ತಿಕೊಳ್ಳುವುದೂ ಇಲ್ಲ. ರಾಕೆಟ್ಟು ಉಪಗ್ರಹವನ್ನು ಮೇಲೆ ಬಿಟ್ಟು ಬಂದಮೇಲೆ ನಮ್ಮ ಕೆಲಸ ಶುರು.

ಮೇಲೆ ಹೋದಮೇಲೆ ಉಪಗ್ರಹ ತಾನಾಗೇ ಸುತ್ತುತ್ತದಲ್ಲ, ಎಂಜಿನ್ ಯಾಕೆ?

ಒಳ್ಳೆಯ ಪ್ರಶ್ನೆ. 10 ಸೆಂಟಿಮೀಟರ್ ಘನದ ಕ್ಯೂಬ್‌ಸ್ಯಾಟ್‌ಗಳು ಬಹುಪಾಲು ಎಂಜಿನ್ ಇಲ್ಲದೆಯೇ ಸುತ್ತುತ್ತವೆ. ಆದರೆ ದುಡ್ಡು ಸಂಪಾದಿಸಬೇಕಾದ ಉಪಗ್ರಹಕ್ಕೆ ಅದು ಸಾಲದು.

ಸಣ್ಣ ಉಪಗ್ರಹಕ್ಕೆ ತನ್ನದೇ ರಾಕೆಟ್ ಸಿಗುವುದು ಅಪರೂಪ. ಹತ್ತಿಪ್ಪತ್ತು ಜನರ ಜೊತೆ ಒಂದೇ ರಾಕೆಟ್ಟಿನಲ್ಲಿ ಹೋಗಬೇಕು. ಅದು ಎಲ್ಲರನ್ನೂ ಒಂದೇ ಕಡೆ ಇಳಿಸುತ್ತದೆ. ಬಸ್ಸು ನಿಮ್ಮನ್ನು ಸಬರ್ಬನ್ ಸ್ಟ್ಯಾಂಡಿನಲ್ಲಿ ಇಳಿಸಿದ ಹಾಗೆ. ಮನೆ ಕುವೆಂಪುನಗರದಲ್ಲಿದ್ದರೆ ಆಟೋ ಬೇಕು ಅಲ್ವಾ? ಆ ಆಟೋ ನಾವು.

ಇನ್ನು 500 ಕಿಲೋಮೀಟರ್ ಎತ್ತರದಲ್ಲೂ ಚೂರು ಗಾಳಿ ಇದೆ. ಅದು ಉಪಗ್ರಹವನ್ನು ದಿನಾ ಸ್ವಲ್ಪ ಸ್ವಲ್ಪ ಕೆಳಗೆಳೆಯುತ್ತದೆ. ಸೂರ್ಯ ಜೋರಾಗಿರುವ ವರ್ಷಗಳಲ್ಲಿ ವಾತಾವರಣ ಉಬ್ಬಿ ಈ ಎಳೆತ ಇನ್ನೂ ಜಾಸ್ತಿ. ಆಗಾಗ ಮೇಲಕ್ಕೆ ತಳ್ಳುತ್ತಿರಬೇಕು.

ಕೊನೆಗೆ ಕಸದ ಪ್ರಶ್ನೆ. ಕೆಳಕಕ್ಷೆಯ ಉಪಗ್ರಹ ಕೆಲಸ ಮುಗಿದ 5 ವರ್ಷದೊಳಗೆ ಕೆಳಗಿಳಿಯಬೇಕು ಎಂದು ಅಮೆರಿಕದ ಸಂವಹನ ಆಯೋಗ ಎಫ್‌ಸಿಸಿ 2022ರಲ್ಲಿ ನಿಯಮ ಮಾಡಿತು. ಮೊದಲು 25 ವರ್ಷ ಎನ್ನುತ್ತಿದ್ದರು. 2030ರ ಹೊತ್ತಿಗೆ ಭಾರತದ ಯಾನಗಳೆಲ್ಲ ಕಸಮುಕ್ತವಾಗಬೇಕು ಎಂಬ ಗುರಿಯನ್ನು ಇಸ್ರೋ 2024ರಲ್ಲಿ ಹೇಳಿತು. ಎಂಜಿನ್ ಇದ್ದರೆ ಇಳಿಯುವ ಹೊತ್ತನ್ನು ನೀವು ತೀರ್ಮಾನಿಸಬಹುದು.

ಪ್ಲಾಸ್ಮಾ ಅಂದರೆ ಏನು?

ನಿಮ್ಮ ಮನೆಯ ಟ್ಯೂಬ್‌ಲೈಟ್ ಒಳಗೆ ಇರುವುದೇ ಪ್ಲಾಸ್ಮಾ. ಮಿಂಚಿನಲ್ಲೂ ಅದೇ. ಗ್ಯಾಸಿನ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತು ಹೊರಬಂದು ಎರಡೂ ಒಟ್ಟಿಗೆ ಅಲೆದಾಡುವ ಸ್ಥಿತಿ. ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವಿಗೆ ಅಯಾನು ಎನ್ನುತ್ತೇವೆ. ಅಯಾನಿಗೆ ವಿದ್ಯುದಾವೇಶ ಇರುವುದರಿಂದ ಕರೆಂಟಿನಿಂದ ಅದನ್ನು ತಳ್ಳಬಹುದು. ಇಡೀ ಎಂಜಿನ್ ನಿಂತಿರುವುದು ಇದರ ಮೇಲೆ.

ಎಷ್ಟು ಬಲ ಹುಟ್ಟುತ್ತದೆ?

ಇಲ್ಲೇ ಬಂದವರ ಮುಖ ಬಾಡುವುದು. 200 ವ್ಯಾಟಿನ ಸಣ್ಣ ಎಂಜಿನ್ ಕೊಡುವುದು ಸುಮಾರು 12 ಮಿಲಿನ್ಯೂಟನ್. ಅಂಗೈ ಮೇಲೆ ಒಂದು ದಪ್ಪ ಕಡಲೆಕಾಯಿ ಬೀಜ ಇಟ್ಟುಕೊಳ್ಳಿ. ಅದು ಒತ್ತುತ್ತದಲ್ಲ, ಅಷ್ಟು.

ಮುಖ ಬಾಡಿಸಿಕೊಳ್ಳಬೇಡಿ, ಲೆಕ್ಕ ನೋಡಿ. ಉಪಗ್ರಹ 100 ಕೆ.ಜಿ. ಇದೆ ಎಂದುಕೊಳ್ಳಿ. ತಡೆಯುವುದಕ್ಕೆ ಅಲ್ಲಿ ರಸ್ತೆ ಇಲ್ಲ, ಗಾಳಿಯೂ ಇಲ್ಲದಷ್ಟು ತೆಳು. ಕಡಲೆಬೀಜದ ಆ ಒತ್ತಡ ಬಿಡದೆ ಒಂದು ದಿನ ಇದ್ದರೆ ಉಪಗ್ರಹದ ವೇಗ ಸೆಕೆಂಡಿಗೆ 10 ಮೀಟರ್ ಹೆಚ್ಚುತ್ತದೆ. ಅಂದರೆ ಗಂಟೆಗೆ 37 ಕಿಲೋಮೀಟರ್, ನಗರ ಸಾರಿಗೆ ಬಸ್ಸಿನ ವೇಗ. 500 ಕಿಲೋಮೀಟರ್ ಎತ್ತರದಿಂದ 550ಕ್ಕೆ ಏರಲು ಸೆಕೆಂಡಿಗೆ ಸುಮಾರು 28 ಮೀಟರ್ ಬದಲಾವಣೆ ಸಾಕು. ಮೂರು ದಿನದ ಕೆಲಸ. ಭೂಮಿಯ ನೆರಳಿನಲ್ಲಿ ಎಂಜಿನ್ ನಿಲ್ಲಿಸುವ ಹೊತ್ತು ಸೇರಿಸಿದರೆ ಇನ್ನೊಂದೆರಡು ದಿನ.

ಡಿಕ್ಕಿ ತಪ್ಪಿಸಲು ಇಷ್ಟು ನಿಧಾನದ ಎಂಜಿನ್ ಸಾಕೇ ಎಂದು ಒಬ್ಬ ಎನ್‌ಐಇ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ಕೇಳಿದ್ದ. ಸಾಕು, ಮುಂಚೆಯೇ ಗೊತ್ತಾದರೆ. ವೇಗ ಸೆಕೆಂಡಿಗೆ ಬರೀ 1 ಸೆಂಟಿಮೀಟರ್ ಬದಲಾದರೂ ಒಂದು ದಿನದ ಹೊತ್ತಿಗೆ ಉಪಗ್ರಹ ಇರಬೇಕಾದ ಜಾಗದಿಂದ ಸುಮಾರು ಎರಡೂವರೆ ಕಿಲೋಮೀಟರ್ ಆಚೀಚೆ ಆಗಿರುತ್ತದೆ. ಅಷ್ಟಕ್ಕೆ ಎಂಜಿನ್ ಒಂದೂವರೆ ನಿಮಿಷ ಉರಿದರೆ ಸಾಕು. ಅಭ್ಯಾಸಬಲದಿಂದ ‘ಉರಿ’ ಅನ್ನುತ್ತೇವೆ, ಒಳಗೆ ಏನೂ ಉರಿಯುವುದಿಲ್ಲ.

ಇಷ್ಟು ನಿಧಾನದ್ದು ಯಾಕೆ? ಹಳೇ ರಾಸಾಯನಿಕ ಎಂಜಿನ್ ಇಲ್ಲವೇ?

ಇದೆ. ಹೈಡ್ರಜೀನ್ ಎಂಬ ವಿಷದ ದ್ರವ ಬಳಸುವ ಎಂಜಿನ್‌ಗಳು ದಶಕಗಳಿಂದ ಕೆಲಸ ಮಾಡುತ್ತಿವೆ. ಬಲವೂ ಜೋರು. ಮೈಲೇಜ್ ಮಾತ್ರ ಕಡಿಮೆ.

ಅದೇ 100 ಕೆ.ಜಿ. ಉಪಗ್ರಹ. ಅದರ ಜೀವಮಾನದಲ್ಲಿ ಒಟ್ಟು ಸೆಕೆಂಡಿಗೆ 200 ಮೀಟರ್ ವೇಗ ಬದಲಿಸಬೇಕು ಎಂದಿಟ್ಟುಕೊಳ್ಳಿ. ಹೈಡ್ರಜೀನ್ ಆದರೆ ಹತ್ತಿರ ಹತ್ತಿರ 9 ಕೆ.ಜಿ. ಬೇಕು. ನಮ್ಮ ಥರದ ಪ್ಲಾಸ್ಮಾ ಎಂಜಿನ್ನಿಗೆ ಕ್ಸೆನಾನ್ ಗ್ಯಾಸ್ ಒಂದೂವರೆ ಕೆ.ಜಿ. ಸಾಕು. ಉಳಿದ ಏಳು ಕೆ.ಜಿ.ಯಲ್ಲಿ ಒಳ್ಳೆಯ ಕ್ಯಾಮೆರಾ ಕೂರಿಸಬಹುದು.

ಗುಟ್ಟು ಏನೆಂದರೆ, ಹಿಂದಕ್ಕೆ ಎಸೆಯುವ ವಸ್ತು ಎಷ್ಟು ವೇಗವಾಗಿ ಹೋಗುತ್ತದೋ ಅಷ್ಟು ಕಡಿಮೆ ವಸ್ತು ಸಾಕು. ರಷ್ಯಾದ ಶಾಲಾ ಮೇಷ್ಟ್ರು ತ್ಸಿಯೊಲ್ಕೊವ್‌ಸ್ಕಿ 1903ರಲ್ಲೇ ಈ ಲೆಕ್ಕ ಅಚ್ಚು ಹಾಕಿಸಿದ್ದರು. ಹೈಡ್ರಜೀನ್ ಸೆಕೆಂಡಿಗೆ ಎರಡು ಕಿಲೋಮೀಟರ್ ಚಿಲ್ಲರೆ ವೇಗದಲ್ಲಿ ಹೊರಬರುತ್ತದೆ. ನಮ್ಮಲ್ಲಿ ಅಯಾನು ಹೊರಡುವ ವೇಗ ಸೆಕೆಂಡಿಗೆ 15 ಕಿಲೋಮೀಟರ್ ಮೇಲೆ. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಒಂದು ಸೆಕೆಂಡು. ಎಲ್ಲ ಗ್ಯಾಸೂ ಅಯಾನು ಆಗುವುದಿಲ್ಲ, ಕೆಲವು ಅಡ್ಡಾದಿಡ್ಡಿ ಹೋಗುತ್ತವೆ, ಹಾಗಾಗಿ ಸರಾಸರಿ 12-13 ಕಿಲೋಮೀಟರ್ ಸಿಗುತ್ತದೆ. ಅದೇ ಬೇಕಾದಷ್ಟಾಯಿತು.

ಗ್ಯಾಸ್ ಖರ್ಚಾಗುವುದು ಸೆಕೆಂಡಿಗೆ ಸುಮಾರು 1 ಮಿಲಿಗ್ರಾಂ. ಒಂದು ರಾಗಿ ಕಾಳೇ ಎರಡೂವರೆ ಮಿಲಿಗ್ರಾಂ ತೂಗುತ್ತದೆ.

ಎಂಜಿನ್ ಒಳಗೆ ಏನು ನಡೆಯುತ್ತದೆ?

ನಾವು ಮಾಡುವ ಬಗೆಗೆ ಹಾಲ್ ಥ್ರಸ್ಟರ್ ಎಂದು ಹೆಸರು. ಮಂಡ್ಯ ಕಡೆಯಿಂದ ಬರುವ ನಮ್ಮ ಫಿಟ್ಟರ್ ಮನೆಯಲ್ಲಿ ಇದನ್ನು ಹೇಳಿದಾಗ ಅವರ ತಾಯಿ ‘ಹಾಲಲ್ಲಿ ಓಡುತ್ತಾ?’ ಅಂದರಂತೆ. ಡೈರಿಗೆ ಹಾಲು ಹಾಕುವ ಮನೆ, ತಪ್ಪೇನಿಲ್ಲ. ಇದು 1879ರಲ್ಲಿ ಕಾಂತ ಮತ್ತು ಕರೆಂಟಿನ ಒಂದು ವಿಚಿತ್ರ ಗುಣ ಕಂಡುಹಿಡಿದ ಎಡ್ವಿನ್ ಹಾಲ್ ಹೆಸರು.

ಒಂದು ಕೋಡುಬಳೆಯಂಥ ಕಾಲುವೆ ಊಹಿಸಿಕೊಳ್ಳಿ. ಗೋಡೆ ಬಿಳಿ ಸೆರಾಮಿಕ್. ತಳದಲ್ಲಿ ಆನೋಡ್, ಅಂದರೆ ಪ್ಲಸ್ ತುದಿ, ಅಲ್ಲಿಂದಲೇ ಗ್ಯಾಸ್ ಒಳಗೆ ಬರುತ್ತದೆ. ಬಳೆಯ ಹೊರಗೆ, ಪಕ್ಕದಲ್ಲಿ ಪೆನ್ನಿನ ಗಾತ್ರದ ಕ್ಯಾಥೋಡ್, ಅಂದರೆ ಮೈನಸ್ ತುದಿ. ಅದು ಎಲೆಕ್ಟ್ರಾನ್ ಉಗುಳುತ್ತದೆ. ಎರಡರ ನಡುವೆ 250ರಿಂದ 300 ವೋಲ್ಟ್.

ಎಲೆಕ್ಟ್ರಾನ್‌ಗಳು ಆನೋಡ್ ಕಡೆಗೆ ಓಡಿಬರುತ್ತವೆ. ಕಾಲುವೆಯ ಬಾಯಲ್ಲಿ ಅಡ್ಡಲಾಗಿ ಕಾಂತಕ್ಷೇತ್ರ ಇಟ್ಟಿರುತ್ತೇವೆ. ಹಗುರವಾದ ಎಲೆಕ್ಟ್ರಾನ್ ಅದಕ್ಕೆ ಸಿಕ್ಕಿಬಿದ್ದು ಬಳೆಯ ಸುತ್ತ ಗಿರಕಿ ಹೊಡೆಯುತ್ತದೆ, ಜಾತ್ರೆಯ ತೊಟ್ಟಿಲಿನ ಹಾಗೆ. ಮುಂದೆ ಹೋಗಲಾರದು, ಹಿಂದೆಯೂ ಬರಲಾರದು. ಆ ಗುಂಪಿಗೆ ಗ್ಯಾಸಿನ ಪರಮಾಣು ಬಂದು ಬಡಿಯುತ್ತದೆ, ಎಲೆಕ್ಟ್ರಾನ್ ಕಳೆದುಕೊಂಡು ಅಯಾನು ಆಗುತ್ತದೆ. ಅಯಾನು ಭಾರ, ಎಲೆಕ್ಟ್ರಾನಿಗಿಂತ ಎರಡು ಲಕ್ಷ ಪಟ್ಟಿಗೂ ಜಾಸ್ತಿ. ಕಾಂತಕ್ಷೇತ್ರ ಅದಕ್ಕೆ ಲೆಕ್ಕಕ್ಕೇ ಇಲ್ಲ. ವೋಲ್ಟೇಜು ಅದನ್ನು ನೇರ ಹೊರಗೆ ಒದೆಯುತ್ತದೆ. ಆ ಒದೆತದ ಪ್ರತಿಬಲವೇ ನಮ್ಮ ಕಡಲೆಬೀಜ.

ಕ್ಯಾಥೋಡ್ ಇನ್ನೂ ಒಂದು ಕೆಲಸ ಮಾಡುತ್ತದೆ. ಹೊರಹೋದ ಅಯಾನುಗಳಿಗೆ ಎಲೆಕ್ಟ್ರಾನ್ ಸೇರಿಸಿ ಲೆಕ್ಕ ಸರಿ ಮಾಡುತ್ತದೆ. ಇಲ್ಲದಿದ್ದರೆ ಉಪಗ್ರಹದಲ್ಲೇ ಋಣಾವೇಶ ಸೇರುತ್ತಾ ಹೋಗಿ, ಕಳಿಸಿದ ಅಯಾನುಗಳನ್ನು ವಾಪಸ್ ಎಳೆದುಕೊಳ್ಳುತ್ತದೆ.

ಇದು ಹೊಸ ತಂತ್ರಜ್ಞಾನವೇ?

ಹಳೆಯದು. 1964ರಲ್ಲಿ ಅಮೆರಿಕ ಅಯಾನು ಎಂಜಿನ್ನನ್ನು ಅಂತರಿಕ್ಷದಲ್ಲಿ ಪರೀಕ್ಷಿಸಿತು. ಅದೇ ವರ್ಷ ಸೋವಿಯತ್ತಿನ ಜೊಂಡ್-2ರಲ್ಲಿ ಪ್ಲಾಸ್ಮಾ ಎಂಜಿನ್‌ಗಳಿದ್ದವು. ಹಾಲ್ ಥ್ರಸ್ಟರ್ ಮೊದಲು ಹಾರಿದ್ದು 1971ರ ಡಿಸೆಂಬರಿನಲ್ಲಿ, ಸೋವಿಯತ್ತಿನ ಮೀಟಿಯೋರ್ ಎಂಬ ಹವಾಮಾನ ಉಪಗ್ರಹದಲ್ಲಿ. ಯುರೋಪಿನ ಸ್ಮಾರ್ಟ್-1 ಇಂಥದೇ ಎಂಜಿನ್ ಹಿಡಿದು ಚಂದ್ರನ ತನಕ ಹೋಯಿತು. ಹೊಸದು ಏನೆಂದರೆ ಸಂಖ್ಯೆ. ಸ್ಟಾರ್‌ಲಿಂಕ್ ಉಪಗ್ರಹಗಳು ಸಾವಿರಗಟ್ಟಲೆ ಇವೆ, ಪ್ರತಿಯೊಂದರಲ್ಲೂ ಹಾಲ್ ಥ್ರಸ್ಟರ್ ಇದೆ.

ಭಾರತದಲ್ಲಿ ಯಾರು ಮಾಡಿದ್ದಾರೆ?

ಇಸ್ರೋ 2010ರಲ್ಲಿ ಜಿಸ್ಯಾಟ್-4ರಲ್ಲಿ ಇಟ್ಟು ಕಳಿಸಿತ್ತು. ರಾಕೆಟ್ಟೇ ವಿಫಲವಾಗಿ ಆ ಎಂಜಿನ್‌ಗೆ ತನ್ನ ಕೈಚಳಕ ತೋರಿಸುವ ಅವಕಾಶವೇ ಸಿಗಲಿಲ್ಲ. 2017ರ ಮೇ 5ರಂದು ಹೋದ ಜಿಸ್ಯಾಟ್-9ರಲ್ಲಿ ಕೆಲಸ ಮಾಡಿತು. 2025ರ ಮಾರ್ಚಿನಲ್ಲಿ 300 ಮಿಲಿನ್ಯೂಟನ್ನಿನ ದೊಡ್ಡ ಪ್ಲಾಸ್ಮಾ ಎಂಜಿನ್ 1000 ಗಂಟೆಯ ಪರೀಕ್ಷೆ ಮುಗಿಸಿತು ಎಂದು ಇಸ್ರೋ ಪ್ರಕಟಿಸಿತು. ಅದು 5.4 ಕಿಲೋವ್ಯಾಟಿನದು, ನಮ್ಮದರ ದೊಡ್ಡಣ್ಣ.

ಖಾಸಗಿಯವರಲ್ಲಿ ಬೆಂಗಳೂರಿನ ಬೆಲಾಟ್ರಿಕ್ಸ್ ಏರೋಸ್ಪೇಸ್ ಮುಂದಿದೆ. ಹೀಟರ್ ಇಲ್ಲದೆ ಹೊತ್ತಿಕೊಳ್ಳುವ ಅವರ ಕ್ಯಾಥೋಡ್ 2024ರ ಜನವರಿ 1ರಂದು ಹೋದ ಪಿಎಸ್‌ಎಲ್‌ವಿ-ಸಿ58ರ ಕೊನೆಯ ಹಂತದಲ್ಲಿ ಪರೀಕ್ಷೆಗೆ ಒಳಗಾಯಿತು. ಆ ಕೊನೆಯ ಹಂತವನ್ನೇ ಪೋಯೆಮ್ ಎಂಬ ತೇಲುವ ಪ್ರಯೋಗಶಾಲೆ ಮಾಡಿದ್ದು ಇಸ್ರೋದ ಜಾಣತನ. ನಮ್ಮಂಥವರಿಗೆ ಅದು ದೊಡ್ಡ ಉಪಕಾರ. ಇಡೀ ಉಪಗ್ರಹ ಕಟ್ಟದೆ ಒಂದು ಭಾಗವನ್ನು ಮೇಲೆ ಕಳಿಸಿ ನೋಡಬಹುದು.

ಕ್ಸೆನಾನೇ ಯಾಕೆ? ಸುಮ್ನೆ ಗಾಳಿ ತುಂಬಿದರೆ ಆಗುವುದಿಲ್ಲವೇ?

ಕ್ಸೆನಾನ್ ಭಾರದ ಗ್ಯಾಸ್, ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುತ್ತದೆ, ಯಾವುದಕ್ಕೂ ಅಂಟುವುದಿಲ್ಲ, ತುಕ್ಕು ಹಿಡಿಸುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕ ಬಿಸಿ ಭಾಗಗಳನ್ನು ತಿಂದುಹಾಕುತ್ತದೆ.

ತೊಂದರೆ ಬೆಲೆಯದು. ಗಾಳಿಯ ಒಂದು ಕೋಟಿ ಭಾಗದಲ್ಲಿ ಕ್ಸೆನಾನ್ ಒಂದು ಭಾಗವೂ ಇಲ್ಲ. ದೊಡ್ಡ ಉಕ್ಕಿನ ಕಾರ್ಖಾನೆಗಳಿಗೆ ಆಮ್ಲಜನಕ ಬೇರ್ಪಡಿಸುವಾಗ ಉಪ ಉತ್ಪನ್ನವಾಗಿ ಸಿಗುತ್ತದೆ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ಇಂಥ ಗ್ಯಾಸುಗಳ ಬೆಲೆ ಹುಚ್ಚಾಪಟ್ಟೆ ಏರಿತು. ಅದಕ್ಕೇ ಎಲ್ಲರೂ ಬೇರೆ ದಾರಿ ಹುಡುಕುತ್ತಾರೆ. ಸ್ಟಾರ್‌ಲಿಂಕ್ ಮೊದಲು ಕ್ರಿಪ್ಟಾನ್ ಬಳಸಿತು, 2023ರಿಂದ ಆರ್ಗಾನ್. ಆರ್ಗಾನ್ ಗಾಳಿಯಲ್ಲಿ ಶೇಕಡಾ ಒಂದರ ಹತ್ತಿರ ಇದೆ, ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯಲ್ಲೇ ಸಿಲಿಂಡರ್ ಸಿಗುತ್ತದೆ. ಆದರೆ ಅದು ಹಗುರ, ಅಯಾನು ಮಾಡಲು ಜಾಸ್ತಿ ಶಕ್ತಿ ಬೇಕು. 200 ವ್ಯಾಟಿನ ಪುಟ್ಟ ಎಂಜಿನ್ನಿಗೆ ಅಷ್ಟು ಧಾರಾಳತನ ಕಷ್ಟ.

ಅಯೋಡಿನ್ ಇನ್ನೊಂದು ದಾರಿ. ಗಾಯಕ್ಕೆ ಹಚ್ಚುವ ಅದೇ ಅಯೋಡಿನ್. ಗಟ್ಟಿಯಾಗಿ ಡಬ್ಬಿಯಲ್ಲಿ ಕೂರುತ್ತದೆ, ಬಿಸಿ ಮಾಡಿದರೆ ಆವಿ. ಒತ್ತಡದ ಟ್ಯಾಂಕೇ ಬೇಡ. ಫ್ರಾನ್ಸಿನ ಥ್ರಸ್ಟ್‌ಮಿ 2020ರಲ್ಲಿ ಹೋದ ಒಂದು ಉಪಗ್ರಹದಲ್ಲಿ ಇದನ್ನು ಮಾಡಿ ತೋರಿಸಿತು. ನಮಗೂ ಆಸೆ ಇದೆ. ಆದರೆ ಅಯೋಡಿನ್ ಕಬ್ಬಿಣವನ್ನು ಬಿಡುವುದಿಲ್ಲ, ನಮ್ಮ ಕಾಂತದ ಭಾಗವೆಲ್ಲ ಕಬ್ಬಿಣ. ಸದ್ಯಕ್ಕೆ ದೂರದಿಂದ ಕೈ ಮುಗಿದಿದ್ದೇವೆ.

ಒಂದು ತಮಾಷೆ ಹೇಳಿಬಿಡುತ್ತೇನೆ. ಒಂದು ಡಿಸೆಂಬರ್ ಬೆಳಗ್ಗೆ ಎಂಜಿನ್ನಿನ ಗ್ಯಾಸ್ ಟ್ಯಾಂಕಿಗೆ ಕ್ಸೆನಾನ್ ತುಂಬಿದೆವು. ಒತ್ತಡದ ಮೀಟರ್ ನೋಡಿ ಇಷ್ಟು ಗ್ರಾಂ ಹೋಗಿದೆ ಎಂದು ಬರೆದೆವು. ಮಧ್ಯಾಹ್ನ ತೂಗಿದರೆ ಲೆಕ್ಕಕ್ಕೂ ತೂಕಕ್ಕೂ ಸಂಬಂಧವೇ ಇಲ್ಲ. ಸೋರಿಕೆ ಎಂದು ಅರ್ಧ ದಿನ ಪೈಪು ತಡಕಿದೆವು. ಆಮೇಲೆ ಹೊಳೆಯಿತು. ಕ್ಸೆನಾನಿನ ಕ್ರಾಂತಿ ತಾಪಮಾನ (ಅದರ ಮೇಲೆ ಎಷ್ಟು ಒತ್ತಿದರೂ ಗ್ಯಾಸ್ ದ್ರವವಾಗುವುದಿಲ್ಲ) 16.6 ಡಿಗ್ರಿ. ಆ ಸುತ್ತಮುತ್ತ, 58 ಬಾರ್ ಒತ್ತಡದ ಹತ್ತಿರ, ಒಂದೆರಡು ಡಿಗ್ರಿ ಹೆಚ್ಚುಕಮ್ಮಿಯಾದರೂ ಸಾಂದ್ರತೆ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಮೈಸೂರಿನ ಚಳಿಗಾಲದ ಬೆಳಗ್ಗೆ ಸರಿಯಾಗಿ ಅದೇ 16 ಡಿಗ್ರಿ! ಈಗ ಮೀಟರ್ ನಂಬುವುದಿಲ್ಲ. ಮನೆಯ ಗ್ಯಾಸ್ ಸಿಲಿಂಡರ್ ಥರ ತೂಗಿಯೇ ತುಂಬುತ್ತೇವೆ.

ತಯಾರಿಕೆಯಲ್ಲಿ ಅತಿ ಕಷ್ಟದ್ದು ಯಾವುದು?

ಪ್ಲಾಸ್ಮಾ ಹುಟ್ಟಿಸುವುದು ಸುಲಭ. ಇದನ್ನು ಯಾರೂ ನಂಬುವುದಿಲ್ಲ, ಆದರೆ ನಿಜ. ಅದರ ಸುತ್ತ ಇರುವ ಎಲ್ಲವೂ ಕಷ್ಟ.

ಕಾಲುವೆಯ ಸೆರಾಮಿಕ್ ಬೋರಾನ್ ನೈಟ್ರೈಡ್. ಮೆತ್ತಗೆ, ಬಳಪದ ಹಾಗೆ. ಸೋಮನಾಥಪುರದ ಶಿಲ್ಪಿಗಳಿಗೆ ಬಳಪದ ಕಲ್ಲು ಹೇಗೆ ಒಲಿದಿತ್ತೋ ಹಾಗೆ ಇದೂ ಲೇತಿಗೆ ಒಲಿಯುತ್ತದೆ. ಆದರೆ ಕೂಲೆಂಟ್ ಎಣ್ಣೆ ಹಾಕುವಂತಿಲ್ಲ, ಹೀರಿಕೊಂಡುಬಿಡುತ್ತದೆ. ಒಣಗಿದ್ದಾಗಲೇ ಕಡೆಯಬೇಕು. ಅಂಚು ಚೂರು ಸೀಳಿದರೆ ಆ ತುಂಡು ಅಲ್ಲಿಗೆ ಮುಗಿಯಿತು.

ಕಾಂತದ ಭಾಗಕ್ಕೆ ಶುದ್ಧ ಕಬ್ಬಿಣ. ಲೇತಿನಲ್ಲಿ ಕಡೆದಮೇಲೆ ಅದರ ಕಾಂತಗುಣ ಕೆಟ್ಟಿರುತ್ತದೆ. ಮತ್ತೆ ಕುಲುಮೆಗೆ ಹಾಕಿ ಗಾಳಿ ಇಲ್ಲದೆ ಕಾಯಿಸಿ ನಿಧಾನ ತಣಿಸಬೇಕು. ಅದನ್ನು ಮರೆತು ಜೋಡಿಸಿದರೆ ಎಂಜಿನ್ ಹೊತ್ತಿಕೊಳ್ಳುತ್ತದೆ, ಆದರೆ ಮೊಂಡು ಹಿಡಿದ ಎತ್ತಿನ ಹಾಗೆ ಆಡುತ್ತದೆ.

ಎಲ್ಲಕ್ಕಿಂತ ಕಷ್ಟ ಕ್ಯಾಥೋಡ್. ಅದರೊಳಗೆ ಲ್ಯಾಂಥನಮ್ ಹೆಕ್ಸಾಬೋರೈಡ್ ಎಂಬ ನೇರಳೆ ಬಣ್ಣದ ಪುಟ್ಟ ಕೊಳವೆ. ಸುಮಾರು 1600 ಡಿಗ್ರಿಗೆ ಕಾಯಿಸಿದರೆ ಎಲೆಕ್ಟ್ರಾನ್ ಉಗುಳುತ್ತದೆ. ಅಷ್ಟು ಬಿಸಿ ಇದ್ದಾಗ ಗಾಳಿ ತಗುಲಿದರೆ ಕೆಡುತ್ತದೆ.

1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಸೀಮೆ ನಮ್ಮದು. ಆದರೂ ಒಂದು ಮಳೆಯ ಸಂಜೆ ಶೆಡ್ಡಿನ ಕರೆಂಟು ಹೋಯಿತು. ಅದರಲ್ಲಿ ಯಾರದೂ ತಪ್ಪಿಲ್ಲ, ಮರ ಬಿದ್ದಿತ್ತು. ತಪ್ಪು ನಮ್ಮದು. ಜಾಣರಂತೆ ಕ್ಯಾಥೋಡಿನ ಹೀಟರನ್ನು ಯುಪಿಎಸ್‌ಗೆ ಸೇರಿಸಿದ್ದೆವು, ಪಂಪು ಭಾರ ಎಂದು ಹಾಗೇ ಬಿಟ್ಟಿದ್ದೆವು. ಪಂಪು ನಿಂತಿತು, ಅದರ ಮುಂದಿನ ಕವಾಟವೂ ಮುಚ್ಚಲಿಲ್ಲ. ಟ್ಯಾಂಕಿನೊಳಗೆ ಗಾಳಿ ನುಸುಳುತ್ತಿದೆ, ಹೀಟರ್ ನಿಷ್ಠೆಯಿಂದ ಕಾಯಿಸುತ್ತಲೇ ಇದೆ. ಮೂರು ತಿಂಗಳ ಕೆಲಸದ ಕ್ಯಾಥೋಡ್ ಹತ್ತು ನಿಮಿಷದಲ್ಲಿ ಹೋಯಿತು. ಈಗ ಪಂಪು ನಿಂತ ಕ್ಷಣ ಹೀಟರೂ ನಿಲ್ಲುವ ಹಾಗೆ ವೈರಿಂಗ್ ಬದಲಿಸಿದ್ದೇವೆ.

ಆ ದೊಡ್ಡ ಟ್ಯಾಂಕು ಯಾತಕ್ಕೆ?

ಅದು ನಮ್ಮ ಅಂತರಿಕ್ಷ. ಒಳಗಿನ ಗಾಳಿಯನ್ನು ಹೊರಗಿನ ಏಳೂವರೆ ಕೋಟಿ ಭಾಗದಲ್ಲಿ ಒಂದು ಭಾಗಕ್ಕೆ ಇಳಿಸಬೇಕು. ಬರೀ ಇಳಿಸಿದರೆ ಸಾಲದು, ಎಂಜಿನ್ ಗ್ಯಾಸ್ ಉಗುಳುತ್ತಿರುವಾಗಲೂ ಹಾಗೇ ಇರಬೇಕು. ಸೆಕೆಂಡಿಗೆ 1 ಮಿಲಿಗ್ರಾಂ ಗ್ಯಾಸ್ ಏನು ಮಹಾ ಅನ್ನಿಸಬಹುದು. ಆ ತೆಳುವಿನಲ್ಲಿ ಅದು 12,000 ಲೀಟರಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ಪ್ರತಿ ಸೆಕೆಂಡು ಒಂದು ದೊಡ್ಡ ನೀರಿನ ಟ್ಯಾಂಕರ್ ಲಾರಿ ಖಾಲಿ ಮಾಡಿದ ಹಾಗೆ. ಅದಕ್ಕೆ ಮೈನಸ್ 220 ಡಿಗ್ರಿಗಿಂತ ತಣ್ಣಗಿರುವ ಲೋಹದ ತಟ್ಟೆಗಳನ್ನು ಇಡುತ್ತೇವೆ. ಕ್ಸೆನಾನ್ ಅವುಗಳ ಮೇಲೆ ಹಿಮದ ಹಾಗೆ ಕೂರುತ್ತದೆ.

ಇಲ್ಲಿ ಒಂದು ಮೋಸದ ದಾರಿ ಇದೆ. ಪಂಪು ಸಾಲದಿದ್ದರೆ ಉಳಿದ ಗ್ಯಾಸನ್ನು ಎಂಜಿನ್ ಮತ್ತೆ ನುಂಗಿ ಹೊರಹಾಕುತ್ತದೆ. ಬಲ ನಿಜಕ್ಕಿಂತ ಜಾಸ್ತಿ ಕಾಣಿಸುತ್ತದೆ. ಮೇಲೆ ಹೋದಮೇಲೆ ಅಷ್ಟು ಬರುವುದಿಲ್ಲ. ಯಾರಾದರೂ ಎಂಜಿನ್ ಮಾರಲು ಬಂದರೆ ಬಲ ಎಷ್ಟು ಎಂದು ಕೇಳುವ ಮೊದಲು ಟ್ಯಾಂಕಿನ ಒತ್ತಡ ಎಷ್ಟಿತ್ತು ಎಂದು ಕೇಳಿ.

ಕಡಲೆಬೀಜದಷ್ಟು ಬಲವನ್ನು ಅಳೆಯುವುದು ಹೇಗೆ?

ಎಂಜಿನ್ನನ್ನು ಒಂದು ಲೋಲಕದ ಮೇಲೆ ಕೂರಿಸುತ್ತೇವೆ. ಅದು ಕೂದಲಿನ ದಪ್ಪಕ್ಕಿಂತ ಕಡಿಮೆ ಸರಿದರೂ ಸೆನ್ಸರ್ ಹಿಡಿಯುತ್ತದೆ. ಗೊತ್ತಿರುವ ಪುಟ್ಟ ತೂಕಗಳನ್ನು ನೇತುಹಾಕಿ ಮೊದಲು ತಾಳೆ ನೋಡುತ್ತೇವೆ. ಕಷ್ಟ ಇರುವುದು ಉಳಿದದ್ದರಲ್ಲಿ. ವೈರು ಗಡುಸಾದರೆ ತಪ್ಪು, ಎಂಜಿನ್ ಕಾದು ಲೋಹ ಹಿಗ್ಗಿದರೆ ತಪ್ಪು. ಮುಂದಿನ ರಸ್ತೆಯಲ್ಲಿ ಲಾರಿ ಹೋದರೆ ಎಂಜಿನ್ ಆರಿದ್ದಾಗಲೂ ಬಲ ಬರುತ್ತದೆ! ಹಾಗಾಗಿ ಅಸಲಿ ಅಳತೆ ರಾತ್ರಿ ಹನ್ನೊಂದರ ಮೇಲೆ. ನಮ್ಮ ಮನೆಯವರಿಗೆ ಇದರ ಬಗ್ಗೆ ಬೇರೆ ಅಭಿಪ್ರಾಯ ಇದೆ.

ಬೆಂಗಳೂರು ಬಿಟ್ಟು ಮೈಸೂರಿನಲ್ಲಿ ಯಾಕೆ?

ಬಾಡಿಗೆ ಕಡಿಮೆ. ಇದು ಮೊದಲ ಕಾರಣ, ಸುಳ್ಳು ಹೇಳುವುದಿಲ್ಲ.

ಎರಡನೆಯದು ಕೈ ಪಳಗಿದ ಜನ. ನಮ್ಮ ಹಿರಿಯ ಟರ್ನರ್ ಜಾವಾ ಕಾರ್ಖಾನೆಯಲ್ಲಿ ಕೆಲಸ ಕಲಿತವರು. ಅದು 1996ರಲ್ಲಿ ಮುಚ್ಚಿತು, ಬೈಕುಗಳು ಈಗಲೂ ಚಾಮುಂಡಿಬೆಟ್ಟ ಹತ್ತುತ್ತಿವೆ. ಲೋಹ ಬಿಸಿಯಾಗುತ್ತಿದೆಯೇ ಎಂದು ಅವರು ಶಬ್ದದಲ್ಲೇ ಹೇಳುತ್ತಾರೆ. ಬೆಮೆಲ್, ಸರ್ಕಾರಿ ಟೂಲ್ ರೂಮ್ ಆದ ಜಿಟಿಟಿಸಿ, ಐಟಿಐಗಳು, ಇವೆಲ್ಲ ಸೇರಿ ಈ ಊರಲ್ಲಿ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಎಂದರೆ ಹೆದರದ ಒಂದು ವರ್ಗವೇ ಇದೆ. ಎಲೆಕ್ಟ್ರಾನಿಕ್ಸಿಗೂ ಕೊರತೆ ಇಲ್ಲ. ಕೇನ್ಸ್ ಟೆಕ್ನಾಲಜಿ ಇದೇ ಊರಿನದು, ನಂಜನಗೂಡಿನಲ್ಲಿ ಸರ್ಕ್ಯೂಟ್ ಬೋರ್ಡಿನ ದೊಡ್ಡ ಕಾರ್ಖಾನೆ ಇದೆ.

ಇಲ್ಲದ್ದೂ ಇದೆ. ಕಂಪನ ಪರೀಕ್ಷೆಗೆ ಬೆಂಗಳೂರಿಗೇ ಹೋಗಬೇಕು. ಎಕ್ಸ್‌ಪ್ರೆಸ್ ವೇ ಆದಮೇಲೆ ಬೆಳಗ್ಗೆ ಹೋಗಿ ಸಂಜೆ ಬರಬಹುದು. ಎಂಜಿನ್ನನ್ನು ಮಾತ್ರ ಮಡಿಲಲ್ಲಿ ಇಟ್ಟುಕೊಂಡೇ ಹೋಗುತ್ತೇವೆ, ಡಿಕ್ಕಿಯಲ್ಲಿ ಹಾಕುವುದಿಲ್ಲ. ರಾಕೆಟ್ಟಿನ ಕುಲುಕಾಟ ತಡೆಯುವ ವಸ್ತುವಿಗೆ ಮದ್ದೂರಿನ ಹಂಪ್ ಏನು ಲೆಕ್ಕ ಎಂದು ನಗುವವರು ನಗಲಿ.

ವಿದ್ಯುತ್ ಪೆಟ್ಟಿಗೆ ಎಂದರೇನು?

ಉಪಗ್ರಹದಲ್ಲಿ ಸಿಗುವುದು 28 ವೋಲ್ಟ್ ಆಸುಪಾಸು. ಎಂಜಿನ್ನಿಗೆ 300 ಬೇಕು, ಕಾಂತಕ್ಕೆ ಬೇರೆ, ಹೀಟರಿಗೆ ಬೇರೆ. ಎಲ್ಲವನ್ನೂ ಬದಲಿಸಿಕೊಡುವ ಪೆಟ್ಟಿಗೆ ಅದು. ಎಂಜಿನ್ನಿಗಿಂತ ಅದಕ್ಕೇ ನಮ್ಮ ಖರ್ಚು ಜಾಸ್ತಿ.

ಒಂದು ವಿಚಿತ್ರ ಕೇಳಿ. ಹಾಲ್ ಥ್ರಸ್ಟರ್ ಉಸಿರಾಡುತ್ತದೆ. ಗ್ಯಾಸೆಲ್ಲ ಅಯಾನು ಆಗಿ ಖಾಲಿ, ಮತ್ತೆ ತುಂಬು, ಮತ್ತೆ ಖಾಲಿ. ಸೆಕೆಂಡಿಗೆ ಹತ್ತಿಪ್ಪತ್ತು ಸಾವಿರ ಸಲ. ಪ್ರತಿ ಉಸಿರಿಗೂ ಕರೆಂಟು ಏರಿಳಿಯುತ್ತದೆ. ಪೆಟ್ಟಿಗೆ ಅದನ್ನು ತಾಳಿಕೊಳ್ಳಬೇಕು, ಉಪಗ್ರಹದ ರೇಡಿಯೋಗೆ ಕಿರಿಕಿರಿ ಆಗದ ಹಾಗೆ ತಡೆಯಬೇಕು. ನಮ್ಮ ಮೊದಲ ಪೆಟ್ಟಿಗೆ ಲ್ಯಾಬಿನ ಬಲ್ಬು, ಹೀಟರ್ ಎಲ್ಲಕ್ಕೂ ಚೆನ್ನಾಗಿ ಓಡಿತು. ನಿಜವಾದ ಎಂಜಿನ್ನಿಗೆ ಸೇರಿಸಿದ ತಕ್ಷಣ ಸುಟ್ಟುಹೋಯಿತು.

ಎಷ್ಟು ದಿನ ಬಾಳಿಕೆ ಬರುತ್ತದೆ?

ಅಯಾನುಗಳು ಹೊರಹೋಗುವಾಗ ಸೆರಾಮಿಕ್ ಗೋಡೆಯನ್ನು ಮರಳುಕಾಗದದ ಹಾಗೆ ಉಜ್ಜುತ್ತವೆ. ಗೋಡೆ ಸವೆದು ಹಿಂದಿನ ಕಬ್ಬಿಣ ಕಂಡಿತೋ, ಆಯಸ್ಸು ಮುಗಿಯುತ್ತಾ ಬಂತು. ದೊಡ್ಡ ಎಂಜಿನ್‌ಗಳು ಹಲವು ಸಾವಿರ ಗಂಟೆ ಓಡುತ್ತವೆ. ಚಿಕ್ಕದರಲ್ಲಿ ಕಾಲುವೆ ಕಿರಿದು, ಗೋಡೆಯೇ ಜಾಸ್ತಿ, ಸವೆತವೂ ಬೇಗ. ದಕ್ಷತೆಯೂ ಇದೇ ಕಾರಣಕ್ಕೆ ಇಳಿಯುತ್ತದೆ. ದೊಡ್ಡದರಲ್ಲಿ ಶೇಕಡಾ 50ರ ಮೇಲೆ ಇರುವುದು ಇದರಲ್ಲಿ 40ರ ಹತ್ತಿರ. ಕಾಂತಕ್ಷೇತ್ರದ ಆಕಾರ ಬದಲಿಸಿ ಪ್ಲಾಸ್ಮಾವನ್ನು ಗೋಡೆಯಿಂದ ದೂರ ಇಡುವ ಉಪಾಯ ಇದೆ. ಸದ್ಯ ನಮ್ಮ ಹೆಚ್ಚಿನ ಹೊತ್ತು ಹೋಗುತ್ತಿರುವುದು ಅದರಲ್ಲೇ.

ಸ್ಫೋಟ ಆಗುತ್ತದಾ? ವಿಕಿರಣ ಇದೆಯಾ?

ಎರಡೂ ಇಲ್ಲ. ಪಕ್ಕದ ಶೆಡ್ಡಿನವರಿಗೆ ಇದನ್ನು ಎರಡು ಸಲ ಹೇಳಿದ್ದೇವೆ. ನಿಜವಾದ ಅಪಾಯ 300 ವೋಲ್ಟಿನ ಕರೆಂಟು, ಒತ್ತಡದ ಸಿಲಿಂಡರ್, ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಸೋರಿ ಉಸಿರಾಡಲು ಆಮ್ಲಜನಕ ಇಲ್ಲದಾಗುವುದು. ಅದಕ್ಕೇ ಆಮ್ಲಜನಕದ ಅಲಾರಂ ಇದೆ.

ಅನುಮತಿ ಬೇಕೇ?

2020ರಲ್ಲಿ ಖಾಸಗಿಯವರಿಗಾಗಿ ಇನ್-ಸ್ಪೇಸ್ ಎಂಬ ಸರ್ಕಾರಿ ಸಂಸ್ಥೆ ಶುರುವಾಯಿತು. ಮೇಲೆ ಹಾರಿಸುವುದಾದರೆ ಅವರ ಒಪ್ಪಿಗೆ ಬೇಕು. ಹೊರದೇಶಕ್ಕೆ ಮಾರುವುದಾದರೆ ಸ್ಕೋಮೆಟ್ ಪಟ್ಟಿ (ರಫ್ತಿಗೆ ಪರವಾನಗಿ ಬೇಕಾದ ವಸ್ತುಗಳ ಪಟ್ಟಿ) ನೋಡಿಕೊಂಡು ಕೇಂದ್ರದ ವಿದೇಶ ವ್ಯಾಪಾರ ಕಚೇರಿಯಾದ ಡಿಜಿಎಫ್‌ಟಿ ಪರವಾನಗಿ. ಕಾಗದ ಪತ್ರಕ್ಕೆ ಒಬ್ಬರನ್ನು ಬೇರೆಯಾಗಿ ಇಟ್ಟುಕೊಳ್ಳಿ, ಎಂಜಿನಿಯರ್ ಕೈಲಿ ಮಾಡಿಸಬೇಡಿ.

ಮಗಳು ಈ ಕೆಲಸಕ್ಕೆ ಬರಬೇಕಂತೆ, ಏನು ಓದಿಸಲಿ?

ಏರೋಸ್ಪೇಸೇ ಆಗಬೇಕೆಂದಿಲ್ಲ. ನಮ್ಮ ಏಳು ಜನರಲ್ಲಿ ಆ ಡಿಗ್ರಿ ಇರುವವರು ಒಬ್ಬರೇ. ಫಿಸಿಕ್ಸ್ ಎಂ.ಎಸ್‌ಸಿ. ಇಬ್ಬರು, ಪವರ್ ಎಲೆಕ್ಟ್ರಾನಿಕ್ಸ್ ಒಬ್ಬರು, ಮಂಡ್ಯದಲ್ಲಿ ಮೆಕ್ಯಾನಿಕಲ್ ಓದಿದವರು ಒಬ್ಬರು, ಐಟಿಐ ಇಬ್ಬರು. ನಮಗೆ ಸಿಗದೇ ಇರುವುದು ಪವರ್ ಎಲೆಕ್ಟ್ರಾನಿಕ್ಸಿನವರು. ಹೀಲಿಯಂ ಬಿಟ್ಟು ಸೋರಿಕೆ ಹುಡುಕಲು, ತೆಳು ಟೈಟಾನಿಯಂ ಪೈಪಿಗೆ ವೆಲ್ಡಿಂಗ್ ಮಾಡಲು ಬರುವ ಹುಡುಗ ಹುಡುಗಿಯರು ಸಿಕ್ಕರೆ ಡಿಗ್ರಿ ಕೇಳುವುದಿಲ್ಲ.

ಕಾಲೇಜು ಪ್ರಾಜೆಕ್ಟಿಗೆ ನಾವೇ ಒಂದು ಮಾಡಬಹುದೇ?

ಪೂರ್ತಿ ಎಂಜಿನ್ ಬೇಡ, ವ್ಯಾಕ್ಯೂಮ್ ಟ್ಯಾಂಕಿಗೇ ಹಣ ಮುಗಿಯುತ್ತದೆ. ಕಾಂತಭಾಗ ಮಾಡಿ. ಫೆಮ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಕ್ಷೇತ್ರ ಲೆಕ್ಕ ಹಾಕಿ, ಕಬ್ಬಿಣದಲ್ಲಿ ಕಡೆದು, ತಂತಿ ಸುತ್ತಿ, ಮೀಟರ್ ಇಟ್ಟು ಅಳೆಯಿರಿ. ಲೆಕ್ಕಕ್ಕೂ ಅಳತೆಗೂ ಯಾಕೆ ವ್ಯತ್ಯಾಸ ಬಂತು ಎಂದು ಹುಡುಕುವುದೇ ಒಂದು ವರ್ಷದ ಕೆಲಸ. ಕೆಪಾಸಿಟರ್ ಸಿಡಿಸುವ ಟೆಫ್ಲಾನ್ ಎಂಜಿನ್ ವಿಡಿಯೋ ನೋಡಿ ಮನೆಯಲ್ಲಿ ಪ್ರಯತ್ನಿಸಬೇಡಿ. ಆ ಕೆಪಾಸಿಟರ್ ಜೀವ ತೆಗೆಯುತ್ತದೆ.

ಬಂದು ನೋಡಬಹುದೇ?

ಖಂಡಿತ. ಟ್ಯಾಂಕಿಗೆ ಗಾಜಿನ ಕಿಂಡಿ ಇದೆ, ಒಳಗೆ ತಿಳಿನೀಲಿ ಬಳೆ ಹೊಳೆಯುವುದು ಕಾಣುತ್ತದೆ. ಶಬ್ದ ಬರುವುದು ಪಂಪಿನದು ಮಾತ್ರ. ಆದರೆ ಮೊದಲೇ ಹೇಳಿ ಬನ್ನಿ. ಟ್ಯಾಂಕು ಮುಚ್ಚಿ ಗಾಳಿ ತೆಗೆಯಲು ಒಂದು ದಿನ ಹಿಡಿಯುತ್ತದೆ, ತೆರೆದಿದ್ದ ದಿನ ನೋಡಲು ಏನೂ ಇರುವುದಿಲ್ಲ. ಆವತ್ತು ನಾವೆಲ್ಲ ಕೈಗವಸು ಹಾಕಿಕೊಂಡು, ಸ್ಪಿರಿಟ್ ಬಟ್ಟೆ ಹಿಡಿದು, ಯಾರದೋ ಬೆರಳಚ್ಚು ಒರೆಸುತ್ತಾ ಟ್ಯಾಂಕಿನ ಒಳಗೇ ಕೂತಿರುತ್ತೇವೆ.